ಉಪ್ಪುನೀರಿಗೆ ತಾಳುವ ಸ್ಪಿನ್ನಿಂಗ್ ರೀಲ್: ಮಂಡ್ಯ, ಮೈಸೂರಿನ ಗಾಳಗಾರರಿಗೆ ಸಮಗ್ರ ಮಾರ್ಗದರ್ಶಿ

ಗಾಳದ ದಾರ ಸುತ್ತುವ ನನ್ನ ಮೊದಲ ರೀಲ್ ಸಮುದ್ರದಲ್ಲಿ ಸಾಯಲಿಲ್ಲ. ಮಂಡ್ಯದ ನಮ್ಮ ಮನೆಯ ಅಟ್ಟದ ಮೇಲೆ ಸತ್ತಿತು. ಸುರತ್ಕಲ್ ಬಂಡೆಗಳ ಮೇಲೆ ಎರಡು ದಿನ ಚೆನ್ನಾಗಿಯೇ ತಿರುಗಿತ್ತು. ವಾಪಸ್ ಬಂದವನು ಬ್ಯಾಗ್ ಸಮೇತ ಅಟ್ಟಕ್ಕೆ ಎಸೆದೆ. ಕಬ್ಬು ಕಡಿಸುವ ಗಡಿಬಿಡಿಯಲ್ಲಿ ಮರೆತೂ ಬಿಟ್ಟೆ. ಐದು ವಾರದ ಮೇಲೆ, ವಿ.ಸಿ. ನಾಲೆಯಲ್ಲಿ ಜಿಲೇಬಿ ಮೀನು ಹಿಡಿಯೋಣ ಅಂತ ತೆಗೆದರೆ ಹ್ಯಾಂಡಲ್ ಅಲುಗಾಡಲಿಲ್ಲ. ಅದರ ಡಬ್ಬದ ಮೇಲೆ ‘13 ಬಾಲ್ ಬೇರಿಂಗ್’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಬಿಚ್ಚಿ ನೋಡಿದೆ. ಹದಿಮೂರೂ ಕಂದು ಬಣ್ಣಕ್ಕೆ ತಿರುಗಿದ್ದವು.

ಕರಾವಳಿಯವರಿಗೂ ನಮಗೂ ಇರುವ ವ್ಯತ್ಯಾಸವೇ ಇದು. ಅವರು ಸಂಜೆ ಗಾಳ ಹಾಕಿ, ರಾತ್ರಿ ಮನೆಯಲ್ಲಿ ರೀಲ್ ತೊಳೆದು, ಮತ್ತೆ ನಾಳಿದ್ದು ಅದನ್ನೇ ಹಿಡಿಯುತ್ತಾರೆ. ನಾವು ಮೈಸೂರಿನಿಂದ ಮಡಿಕೇರಿ, ಸಂಪಾಜೆ, ಪುತ್ತೂರು ಹಾದು 250 ಕಿ.ಮೀ. ಹೋಗಿ ಬರುವವರು. ವರ್ಷಕ್ಕೆ ನಾಲ್ಕೈದು ಸಲ ಹೋದರೆ ಜಾಸ್ತಿ. ಉಳಿದ ದಿನವೆಲ್ಲ ರೀಲ್ ಸುಮ್ನೆ ಕೂತಿರುತ್ತದೆ. ಒಳಗೆ ಒಂದು ಚಿಟಿಕೆ ಉಪ್ಪು ಉಳಿದರೆ ಸಾಕು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ತಾನಾಗಿಯೇ ಒದ್ದೆಯಾಗುತ್ತದೆ, ಅಲ್ವಾ? ಅದೇ ರೀತಿ ಆ ಚಿಟಿಕೆ ಉಪ್ಪು ಗಾಳಿಯ ತೇವ ಎಳೆದುಕೊಂಡು ವಾರಗಟ್ಟಲೆ ಲೋಹವನ್ನು ತಿನ್ನುತ್ತದೆ. ಹಾಗಾಗಿ ನಮ್ಮಂಥವರು ರೀಲ್ ಆರಿಸುವಾಗ ಎಷ್ಟು ದೊಡ್ಡ ಮೀನು ಎಳೆಯುತ್ತದೆ ಎಂದು ಕೇಳುವ ಮೊದಲು ಐದು ವಾರ ಅಟ್ಟದಲ್ಲಿ ಬದುಕುತ್ತದಾ ಎಂದು ಕೇಳಬೇಕು.

ಮೊದಲು ಸೈಜ್ ತೀರ್ಮಾನಿಸಿ

ಅಂಗಡಿಗೆ ಹೋಗುವ ಮೊದಲೇ ಎಲ್ಲಿ, ಯಾವ ಮೀನಿಗೆ ಎಂದು ನಿರ್ಧರಿಸಿಕೊಳ್ಳಿ. ಮರಳ ದಂಡೆಯಲ್ಲಿ ಕಾಣೆ ಮೀನು, ಬಂಗುಡೆ ಮುಂತಾದ ಸಣ್ಣವು ಸಾಕು ಎಂದರೆ 2500 ಸೈಜ್ ಸಾಕು. ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಕಡೆ, ಬಾರ್ರಮುಂಡಿ ಮತ್ತು ಮ್ಯಾಂಗ್ರೋವ್ ಜ್ಯಾಕ್ ಹಿಡಿಯಬೇಕಾ? ಬ್ರೇಕ್‌ವಾಟರ್ ಕಲ್ಲುಗಳ ಮೇಲಿಂದ ಟ್ರೆವಲ್ಲಿಗೆ, ಅದೃಷ್ಟ ಇದ್ದರೆ ಒಂದು ಮರಿ ಅಂಜಲ್‌ಗೆ ಎಸೆಯಬೇಕಾ? ಆಗ 3000ದಿಂದ 4000 ತೆಗೆದುಕೊಳ್ಳಿ. ಲೈಟ್ ಟ್ಯಾಕಲ್, ಅಂದರೆ ಹಗುರ ಗಾಳದ ಸರಂಜಾಮು, ಎನ್ನುವುದು ಇಷ್ಟರೊಳಗೆ ಮುಗಿಯುತ್ತದೆ. ಅದರಿಂದಾಚೆಗೆ ಹೋದರೆ ಕೈ ನೋವು.

ಇಲ್ಲೊಂದು ಮೋಸ ಇದೆ. ಈ ನಂಬರ್‌ಗಳಿಗೆ ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ. ಡೈವಾ ಕಂಪನಿಯ ಬಿಜಿ 3000, ಶಿಮಾನೋ ಕಂಪನಿಯ 4000ಕ್ಕೆ ಹತ್ತಿರ ಬರುತ್ತದೆ. ಶಿಮಾನೋದಲ್ಲಿ ‘ಸಿ3000’ ಎಂದರೆ 2500ರ ಒಡಲಿಗೆ 3000ದ ಸ್ಪೂಲ್, ಅಂದರೆ ದಾರ ಸುತ್ತಿಕೊಳ್ಳುವ ಉರುಳೆ, ಹಾಕಿರುತ್ತಾರೆ. ಅದಕ್ಕೆ ನಂಬರ್ ಬಿಟ್ಟು ಎರಡು ವಿಷಯ ನೋಡಿ. ಒಂದು ತೂಕ. 250ರಿಂದ 350 ಗ್ರಾಂ ಒಳಗೆ ಇದ್ದರೆ ಏಳೆಂಟು ಅಡಿಯ ರಾಡ್ ಮೇಲೆ ದಿನವಿಡೀ ಎಸೆಯಬಹುದು. ಇನ್ನೊಂದು ದಾರ ಹಿಡಿಯುವ ಲೆಕ್ಕ. ಪಿಇ 1.5 ದಪ್ಪದ ಬ್ರೇಡ್, ಅಂದರೆ ಹೆಣೆದ ದಾರ, 200 ಮೀಟರ್ ಕೂರಬೇಕು. ಸ್ಪೂಲ್ ಮೇಲೋ ಡಬ್ಬದ ಮೇಲೋ ಇದನ್ನು ಬರೆದಿರುತ್ತಾರೆ. ಅಂಜಲ್ ಮೊದಲ ಓಟಕ್ಕೇ ದಾರವನ್ನು ಹೇಗೆ ಎಳೆದುಕೊಂಡು ಹೋಗುತ್ತದೆ ಎಂದು ಒಮ್ಮೆ ನೋಡಿದವರು 100 ಮೀಟರ್ ದಾರದಲ್ಲಿ ಮತ್ತೆ ಹೋಗುವುದಿಲ್ಲ.

ಗೇರ್ ಅನುಪಾತದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. 5.2:1 ಎಂದರೆ ಹ್ಯಾಂಡಲ್ ಒಂದು ಸುತ್ತು ಹಾಕಿದರೆ ಸ್ಪೂಲ್‌ಗೆ ದಾರ ಸುತ್ತುವ ರೋಟರ್ 5.2 ಸುತ್ತು ಹಾಕುತ್ತದೆ. 6.2:1 ಇನ್ನೂ ಚುರುಕು. ಅಂಜಲ್‌ನಂಥ ಓಟಗಾರ ಮೀನಿಗೆ ಲೂರ್, ಅಂದರೆ ನಕಲಿ ಎರೆ, ಬೇಗ ಎಳೆಯಬೇಕಾಗುತ್ತದೆ, ಆಗ ಚುರುಕಿನದು ಒಳ್ಳೆಯದು. ಬೇರುಗಳ ಸಂದಿಗೆ ನುಗ್ಗುವ ಜ್ಯಾಕ್ ಮೀನನ್ನು ಹೊರಗೆಳೆಯಲು ಕಡಿಮೆ ಅನುಪಾತ ಬಲ ಕೊಡುತ್ತದೆ. ಒಂದೇ ರೀಲ್ ಕೊಳ್ಳುವವರು 5.5ರ ಆಸುಪಾಸಿನದು ತೆಗೆದುಕೊಂಡರೆ ಎರಡಕ್ಕೂ ಆಯಿತು.

ಒಡಲು: ಅಲ್ಯುಮಿನಿಯಂ ಪಾತ್ರೆಯಾ, ಭರಣಿಯಾ?

ಉಪ್ಪಿನಕಾಯಿಯನ್ನು ಯಾರೂ ಅಲ್ಯುಮಿನಿಯಂ ಡಬ್ಬದಲ್ಲಿ ಹಾಕಿಡುವುದಿಲ್ಲ. ಪಿಂಗಾಣಿ ಭರಣಿಯಲ್ಲಿ ಇಡುತ್ತಾರೆ. ಉಪ್ಪು, ಹುಳಿ ಸೇರಿದರೆ ಅಲ್ಯುಮಿನಿಯಂ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಿಮ್ಮ ರೀಲ್ ದಿನವಿಡೀ ಅದರಲ್ಲಿ ನೆನೆಯುತ್ತದೆ.

ಹಾಗಾದರೆ ಗ್ರಾಫೈಟ್ ಒಡಲೇ ಭರಣಿಯಂತೆ ಒಳ್ಳೆಯದಲ್ಲವಾ? ಅರ್ಧ ನಿಜ. ಗ್ರಾಫೈಟ್ ಎಂದು ಮಾರುವುದು ಕಾರ್ಬನ್ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್. ತುಕ್ಕು ಹಿಡಿಯುವುದಿಲ್ಲ, ಹಗುರ, ಅಗ್ಗ. ಆದರೆ ಭಾರ ಬಿದ್ದಾಗ ಸ್ವಲ್ಪ ಬಾಗುತ್ತದೆ. ಒಡಲು ಬಾಗಿದರೆ ಒಳಗಿನ ಗೇರ್ ಹಲ್ಲುಗಳು ಸರಿಯಾಗಿ ಕೂರದೆ ಸವೆಯುತ್ತವೆ. ಅಲ್ಯುಮಿನಿಯಂ ಒಡಲು ಬಾಗುವುದಿಲ್ಲ. ಒಳ್ಳೆಯ ಕಂಪನಿಗಳು ಅದಕ್ಕೆ ಆನೋಡೈಸಿಂಗ್ ಮತ್ತು ಬಣ್ಣದ ಕವಚ ಕೊಡುತ್ತವೆ. ಆ ಕವಚ ಗೀರಿಹೋದ ಜಾಗದಲ್ಲಿ, ಅದಕ್ಕಿಂತ ಹೆಚ್ಚಾಗಿ ಸ್ಟೀಲ್ ಸ್ಕ್ರೂ ಕೂತ ಜಾಗದಲ್ಲಿ, ಬಿಳಿ ಪುಡಿ ಏಳುತ್ತದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ. ಕರಗಿ ಹೋಗುವುದು ಅಲ್ಯುಮಿನಿಯಂ.

ನನ್ನ ತೀರ್ಪು ಹೀಗಿದೆ. 2500 ಸೈಜಿಗೆ ಒಳ್ಳೆಯ ಗ್ರಾಫೈಟ್ ಒಡಲು ಸಾಕು. 4000ಕ್ಕೆ ಅಲ್ಯುಮಿನಿಯಂ ಬೇಕೇ ಬೇಕು. ನಡುವಿನದಕ್ಕೆ ನಿಮ್ಮ ಸ್ವಭಾವ ನೋಡಿಕೊಳ್ಳಿ. ತೊಳೆಯಲು ಸೋಮಾರಿತನ ಇದ್ದರೆ ಗ್ರಾಫೈಟ್.

ಗೇರು

ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕಬ್ಬು ಅರೆಯುವ ಗಾಣದಲ್ಲಿ ಮೊದಲು ಹೋಗುವುದು ಯಾವುದು? ಹಲ್ಲಿನ ಚಕ್ರ. ರೀಲ್‌ನಲ್ಲೂ ಅಷ್ಟೆ. ಅಗ್ಗದ ರೀಲ್‌ಗಳಲ್ಲಿ ಮುಖ್ಯ ಗೇರನ್ನು ಸತುವಿನಲ್ಲಿ ಎರಕ ಹೊಯ್ದಿರುತ್ತಾರೆ. ಅದು ಮೆತ್ತಗೆ, ಬೇಗ ಸವೆಯುತ್ತದೆ. ಅದರ ಜೊತೆ ಕೂರುವ ಚಿಕ್ಕ ಪಿನಿಯನ್ ಸಾಮಾನ್ಯವಾಗಿ ಹಿತ್ತಾಳೆಯದು. ಮುಖ್ಯ ಗೇರ್ ಕೂಡ ಹಿತ್ತಾಳೆಯದಾಗಿದ್ದರೆ ಅಥವಾ ಒತ್ತಿ ತಯಾರಿಸಿದ ಗಟ್ಟಿ ಅಲ್ಯುಮಿನಿಯಂ ಆಗಿದ್ದರೆ ದುಡ್ಡು ಕೊಡಬಹುದು. ಕಂಪನಿ ತನ್ನ ವಿವರಣೆಯಲ್ಲಿ ಗೇರ್ ಯಾವ ಲೋಹದ್ದು ಎಂದೇ ಹೇಳದೆ ಬೇರಿಂಗ್ ಸಂಖ್ಯೆಯನ್ನು ಮಾತ್ರ ಕೂಗಿ ಹೇಳುತ್ತಿದ್ದರೆ ಅನುಮಾನಪಡಿ.

ನೀರು ಎಲ್ಲಿಂದ ಒಳಗೆ ಹೋಗುತ್ತದೆ?

ನಿಜವಾದ ವಿಷಯ ಇಲ್ಲಿದೆ. ಕೊಳ್ಳುವಾಗ ಅರ್ಧ ಗಂಟೆ ಇದಕ್ಕೇ ಕೊಡಿ.

ಮೊದಲ ದಾರಿ ಲೈನ್ ರೋಲರ್. ದಾರವನ್ನು ಸ್ಪೂಲ್‌ಗೆ ತರುವ ಬಾಗಿದ ಬೇಲ್ ತಂತಿಯ ತುದಿಯಲ್ಲಿ ದಾರ ತಿರುಗಿ ಒಳಬರುವ ಪುಟ್ಟ ಉರುಳೆ ಅದು. ಒದ್ದೆ ದಾರ ಪ್ರತಿ ಸುತ್ತಿಗೂ ಉಪ್ಪುನೀರನ್ನು ನೇರವಾಗಿ ಅದಕ್ಕೇ ಹಿಂಡುತ್ತದೆ. ರೀಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಕೆಡುವ ಭಾಗ ಇದು. ಅದು ತಿರುಗದೆ ನಿಂತರೆ ದಾರ ಒಂದೇ ಕಡೆ ಉಜ್ಜಿ ಗೀರು ಬೀಳುತ್ತದೆ, ಆ ಗೀರು ಬ್ರೇಡನ್ನು ಕೊಯ್ಯುತ್ತದೆ. ಒಳ್ಳೆಯ ಮೀನು ತಪ್ಪಿಸಿಕೊಂಡಾಗ ಗಂಟನ್ನು ಬೈಯುತ್ತೇವೆ, ತಪ್ಪು ರೋಲರ್‌ನದು ಆಗಿರುತ್ತದೆ. ಒಂದೇ ಸ್ಕ್ರೂ ತೆಗೆದು ಈ ರೋಲರ್ ಬಿಚ್ಚಬಹುದಾ ಎಂದು ಕೊಳ್ಳುವ ಮೊದಲೇ ನೋಡಿ.

ಎರಡನೆಯದು ರೋಟರ್ ಅಡಿ. ಅಲ್ಲಿ ಒಂದೇ ದಿಕ್ಕಿಗೆ ತಿರುಗುವಂತೆ ಮಾಡುವ ಆ್ಯಂಟಿ ರಿವರ್ಸ್ ಬೇರಿಂಗ್ ಕೂತಿರುತ್ತದೆ. ಇದಕ್ಕೆ ಉಪ್ಪು ಹೋದರೆ ಹ್ಯಾಂಡಲ್ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗುತ್ತದೆ, ಅದೂ ಮೀನು ಇರುವಾಗಲೇ. ಮೂರನೆಯದು ಹ್ಯಾಂಡಲ್ ಸೇರುವ ಜಾಗ. ನಾಲ್ಕನೆಯದು ಸ್ಪೂಲ್ ಮೇಲಿನ ಡ್ರ್ಯಾಗ್ ಗುಬ್ಬಿ, ಅಂದರೆ ದಾರದ ಬ್ರೇಕನ್ನು ಬಿಗಿ ಸಡಿಲ ಮಾಡುವ ತಿರುಗುಗುಂಡಿ. ಹಳೆಯ ರೀಲ್‌ಗಳಲ್ಲಿ ಅಡಿಯಲ್ಲಿ ಆ್ಯಂಟಿ ರಿವರ್ಸ್ ಆನ್ ಆಫ್ ಮಾಡುವ ಸ್ವಿಚ್ ಕೂಡ ಇರುತ್ತದೆ, ಅದೂ ಒಂದು ತೂತೇ. ಈಚಿನ ಹಲವು ರೀಲ್‌ಗಳಲ್ಲಿ ಆ ಸ್ವಿಚ್ಚನ್ನೇ ತೆಗೆದುಬಿಟ್ಟಿದ್ದಾರೆ. ಹಳಬರು ಗೊಣಗುತ್ತಾರೆ, ನನಗಂತೂ ಖುಷಿ.

ಈ ಜಾಗಗಳಿಗೆ ರಬ್ಬರ್ ಸೀಲ್ ಕೊಟ್ಟ ರೀಲ್‌ಗಳ ಮೇಲೆ ಐಪಿಎಕ್ಸ್ ಎಂಬ ಅಂಕಿ ಕಾಣುತ್ತೀರಿ. ಐಪಿಎಕ್ಸ್5 ಎಂದರೆ ನಿಮಿಷಕ್ಕೆ 12.5 ಲೀಟರ್ ಚಿಮ್ಮುವ ನೀರನ್ನು ಯಾವ ದಿಕ್ಕಿನಿಂದ ಹೊಡೆದರೂ ತೊಂದರೆಯಾಗುವಷ್ಟು ಒಳಗೆ ಹೋಗಬಾರದು. ಐಪಿಎಕ್ಸ್6ಕ್ಕೆ ಅದು ನಿಮಿಷಕ್ಕೆ 100 ಲೀಟರ್. ಐಪಿಎಕ್ಸ್7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದರೂ ತಡೆಯಬೇಕು. ಬಂಡೆಯ ಮೇಲೆ ನಿಂತು ಅಲೆಯ ಹನಿ ಹಾರುವ ಜಾಗಕ್ಕೆ ಐಪಿಎಕ್ಸ್5 ಧಾರಾಳ. ಸೊಂಟದವರೆಗೆ ನೀರಿಗಿಳಿದು ಎಸೆಯುವವರಿಗೆ ಮಾತ್ರ ಅದಕ್ಕಿಂತ ಮೇಲಿನದು ಬೇಕು. ಈ ಪರೀಕ್ಷೆಗಳನ್ನು ಸಿಹಿನೀರಿನಲ್ಲಿ, ಹೊಸ ಸೀಲ್ ಇರುವಾಗ ಮಾಡುತ್ತಾರೆ. ಮೂರು ವರ್ಷದ ರಬ್ಬರ್‌ಗೆ ಆ ಅಂಕಿ ಅನ್ವಯಿಸದು.

ಸೀಲ್ ಇರುವ ರೀಲ್‌ಗೆ ಎರಡು ದೋಷ ಇವೆ. ರಬ್ಬರ್ ಉಜ್ಜುವುದರಿಂದ ಹ್ಯಾಂಡಲ್ ಸ್ವಲ್ಪ ಬಿಗಿ ಅನಿಸುತ್ತದೆ. ಇನ್ನೊಂದು, ಹೇಗೋ ನೀರು ಒಳಗೆ ಹೋಯಿತು ಅಂದುಕೊಳ್ಳಿ, ಅದು ಹೊರಗೂ ಬರುವುದಿಲ್ಲ. ಮುಚ್ಚಳ ಬಿಗಿದ ಡಬ್ಬದಂತೆ ಒಳಗೇ ಕೊಳೆಯುತ್ತದೆ. ಡೈವಾದ ಮ್ಯಾಗ್‌ಸೀಲ್ಡ್ ರೀಲ್‌ಗಳಲ್ಲಿ ರಬ್ಬರ್ ಬದಲು ಆಯಸ್ಕಾಂತ ಹಿಡಿದಿಟ್ಟ ಎಣ್ಣೆಯ ಪದರ ಇರುತ್ತದೆ. ತಿರುಗುವುದು ಬೆಣ್ಣೆಯಂತೆ. ಆದರೆ ಮನೆಯಲ್ಲಿ ಬಿಚ್ಚಿದರೆ ಆ ಎಣ್ಣೆ ಹೋಯಿತು. ಸರ್ವಿಸ್‌ಗೆ ದೂರ ಕಳಿಸಬೇಕಾದ ನಮ್ಮೂರಿನವರಿಗೆ ನಾನು ಅದನ್ನು ಹೇಳುವುದಿಲ್ಲ.

ಡ್ರ್ಯಾಗ್ ಮತ್ತು ಬೇರಿಂಗ್

ಡ್ರ್ಯಾಗ್ ಎಂದರೆ ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಬ್ರೇಕ್. ಅದರೊಳಗೆ ಬಿಲ್ಲೆಗಳು ಇರುತ್ತವೆ. ಉಣ್ಣೆಯಂಥ ಫೆಲ್ಟ್ ಬಿಲ್ಲೆ ಸಣ್ಣ ಮೀನಿಗೆ ನಯವಾಗಿಯೇ ಬಿಡುತ್ತದೆ. ಉದ್ದ ಓಟಕ್ಕೆ ಬಿಸಿಯಾಗಿ ಹದ ತಪ್ಪುತ್ತದೆ. ಕಾರ್ಬನ್ ಬಿಲ್ಲೆ ಇರುವುದನ್ನೇ ಕೇಳಿ.

ಡಬ್ಬದ ಮೇಲೆ ‘15 ಕೆ.ಜಿ. ಡ್ರ್ಯಾಗ್’ ಎಂದು ಕಂಡರೆ ಮರುಳಾಗಬೇಡಿ. ಲೆಕ್ಕ ಹಾಕಿ. 20 ಪೌಂಡ್ ಬ್ರೇಡ್ ಸುಮಾರು 9 ಕೆ.ಜಿ.ಗೆ ತುಂಡಾಗುತ್ತದೆ. ಡ್ರ್ಯಾಗನ್ನು ಅದರ ಕಾಲು ಭಾಗಕ್ಕೆ ಇಡುವುದು ರೂಢಿ. ಅಂದರೆ ಎರಡೂಕಾಲು ಕೆ.ಜಿ. ಮನೆಯಲ್ಲಿರುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿ, ಅಷ್ಟಕ್ಕೇ ರಾಡ್ ಎಷ್ಟು ಬಾಗುತ್ತದೆ ಎಂದು ಗೊತ್ತಾಗುತ್ತದೆ. 15 ಕೆ.ಜಿ. ಹಾಕುವ ಹೊತ್ತಿಗೆ ಲೈಟ್ ರಾಡ್ ಎರಡು ತುಂಡಾಗಿರುತ್ತದೆ. ನಿಮಗೆ ಬೇಕಾದದ್ದು ತಡವರಿಸದೆ ಶುರುವಾಗುವ ಡ್ರ್ಯಾಗ್. ಮೊದಲ ಎಳೆತಕ್ಕೆ ಕಚ್ಚಿ ಹಿಡಿದು ಆಮೇಲೆ ಜರ್ ಎಂದು ಬಿಟ್ಟರೆ ದಾರ ಆ ಕ್ಷಣದಲ್ಲೇ ತುಂಡು.

ಬೇರಿಂಗ್ ಕತೆ ಮೊದಲೇ ಹೇಳಿದೆ. ಮುಚ್ಚಿದ, ಸ್ಟೇನ್‌ಲೆಸ್ ಸ್ಟೀಲಿನ ಐದಾರು ಇದ್ದರೆ ಸಾಕು. ಒಂದೊಂದು ಅಗ್ಗದ ಬೇರಿಂಗೂ ತುಕ್ಕು ಹಿಡಿಯಲು ಒಂದೊಂದು ಹೊಸ ಜಾಗ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ರೋಟರನ್ನು ಫಿರ್ ಅಂತ ತಿರುಗಿಸಿ ತೋರಿಸುವುದು ಮಾರುವವರ ಹಳೆಯ ಆಟ. ಗ್ರೀಸ್ ಕಡಿಮೆ, ಸೀಲ್ ಇಲ್ಲ ಎಂದರೆ ಯಾವುದೂ ಫಿರ್ ಅನ್ನುತ್ತದೆ. ಅದನ್ನು ನೋಡಿ ಕೊಳ್ಳಬೇಡಿ.

ಬದಲಿಗೆ ಹ್ಯಾಂಡಲ್ ಹಿಡಿದು ಹಿಂದೆ ಮುಂದೆ, ಒಳಗೆ ಹೊರಗೆ ಅಲುಗಾಡಿಸಿ. ಲಟಪಟ ಎಂದರೆ ಬೇಡ. ಒಡಲೊಳಕ್ಕೆ ನೇರವಾಗಿ ಸ್ಕ್ರೂ ಆಗಿ ಕೂರುವ ಹ್ಯಾಂಡಲ್ ಗಟ್ಟಿ ಇರುತ್ತದೆ. ಗುಂಡಿ ಒತ್ತಿ ಮಡಚುವ ಹ್ಯಾಂಡಲ್ ಬ್ಯಾಗಿಗೆ ಅನುಕೂಲ, ಒಂದು ವರ್ಷದಲ್ಲಿ ಸಡಿಲ. ಆಮೇಲೆ ಹ್ಯಾಂಡಲ್ಲನ್ನು ಹಿಂದಕ್ಕೆ ತಿರುಗಿಸಲು ಯತ್ನಿಸಿ, ಕೂದಲೆಳೆಯಷ್ಟೂ ಹೋಗಬಾರದು. ಬೇಲ್ ತಂತಿಯನ್ನು ಹತ್ತು ಸಲ ಕೈಯಿಂದ ತೆಗೆದು ಮುಚ್ಚಿ, ಪ್ರತಿ ಸಲವೂ ಟಕ್ ಎಂದು ಒಂದೇ ದನಿ ಬರಬೇಕು. ಡ್ರ್ಯಾಗ್ ಗುಬ್ಬಿ ಬಿಚ್ಚಿ ಅಡಿಯಲ್ಲಿ ರಬ್ಬರ್ ಬಳೆ ಇದೆಯಾ ನೋಡಿ. ಕೊನೆಗೆ, ಈ ರೀಲ್‌ಗೆ ಲೈನ್ ರೋಲರ್, ಬೇಲ್ ಸ್ಪ್ರಿಂಗ್ ಬಿಡಿಯಾಗಿ ತರಿಸಿಕೊಡುತ್ತೀರಾ ಎಂದು ಕೇಳಿ. ಉತ್ತರಕ್ಕಿಂತ ಮುಖ ನೋಡಿದರೆ ತಿಳಿಯುತ್ತದೆ.

ಹೆಸರು ಹೇಳಿ ಎಂದು ಎಲ್ಲರೂ ಕೇಳುತ್ತಾರೆ. ಪೆನ್ ಕಂಪನಿಯ ಬ್ಯಾಟಲ್ ಪೂರ್ತಿ ಲೋಹದ ಒಡಲಿನದು, ಕಾರ್ಬನ್ ಡ್ರ್ಯಾಗ್ ಇದೆ, ಭಾರ ಸ್ವಲ್ಪ ಜಾಸ್ತಿ. ಡೈವಾ ಬಿಜಿಗೆ ಅಲ್ಯುಮಿನಿಯಂ ಒಡಲು, ಬಿಚ್ಚಿ ಜೋಡಿಸಲು ಸುಲಭ. ಶಿಮಾನೋ ನಾಸ್ಕಿ ಹಗುರ, ಗೇರ್ ಗಟ್ಟಿ, 2500 ಸೈಜಿಗೆ ನನ್ನ ಮೊದಲ ಆಯ್ಕೆ. ಪೂರ್ತಿ ಸೀಲ್ ಬೇಕೆಂದರೆ ಐಪಿಎಕ್ಸ್5 ಇರುವ ಪೆನ್ ಸ್ಪಿನ್‌ಫಿಶರ್, ಅದರ ಮೇಲೆ ಐಪಿಎಕ್ಸ್6 ಇರುವ ಪೆನ್ ಸ್ಲ್ಯಾಮರ್. ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಸ್ಲ್ಯಾಮರ್ ಎಂದರೆ ಸೊಪ್ಪು ತರಲು ಲಾರಿ ಕಳಿಸಿದ ಹಾಗೆ. ಇವುಗಳ ಬಿಡಿಭಾಗಗಳ ನಕ್ಷೆಯನ್ನು ಕಂಪನಿಗಳೇ ಕೊಡುತ್ತವೆ, ಅದೊಂದು ದೊಡ್ಡ ಉಪಕಾರ. ಒಟ್ಟು ಹತ್ತು ಸಾವಿರ ಇಟ್ಟುಕೊಂಡಿದ್ದರೆ ಆರೇಳನ್ನು ರೀಲ್‌ಗೇ ಹಾಕಿ. ರಾಡ್ ಅಗ್ಗದ್ದಾದರೂ ಮೀನು ಬರುತ್ತದೆ.

ಮನೆಗೆ ತಂದ ವಾರ

ಹೊಸ ರೀಲನ್ನು ನೇರ ಸಮುದ್ರಕ್ಕೆ ಒಯ್ಯಬೇಡಿ. ಹೊರಗೆ ಕಾಣುವ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಎಳೆಗೆ ಚೂರು ಮರೀನ್ ಗ್ರೀಸ್ ಸವರಿ, ಮತ್ತೆ ಹಾಕಿ. ಆ ಪುಟ್ಟ ಬ್ಯಾಟರಿಯ ಮಾತು ನೆನಪಿದೆಯಲ್ಲ, ಅದಕ್ಕೆ ಇದೇ ಮದ್ದು. ಒಂದು ತೆಗೆದು ಒಂದು ಹಾಕಿ, ಎಲ್ಲ ಒಟ್ಟಿಗೆ ಬಿಚ್ಚಬೇಡಿ.

ಬ್ರೇಡ್ ಸುತ್ತುವಾಗ ಮೊದಲು ನಾಲ್ಕೈದು ಮೀಟರ್ ಮಾಮೂಲಿ ನೈಲಾನ್ ದಾರ ಸುತ್ತಿ. ಬ್ರೇಡ್ ನುಣುಪು. ಬರೀ ಸ್ಪೂಲ್ ಮೇಲೆ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂತ ನೀವು ಗೋಳಾಡುತ್ತೀರಿ. ಸ್ಪೂಲ್ ಅಂಚಿಗೆ ಎರಡು ಮಿಲಿಮೀಟರ್ ಖಾಲಿ ಬಿಡಿ. ಆಮೇಲೆ ಯಾವುದಾದರೂ ಕೆರೆಯಲ್ಲಿ ಒಂದು ಬೆಳಗ್ಗೆ ಎಸೆದು ನೋಡಿ. ದೋಷ ಇದ್ದರೆ ವಾರಂಟಿ ಇರುವಾಗ, ಉಪ್ಪು ತಾಗುವ ಮೊದಲು ಗೊತ್ತಾಗಲಿ.

ತೊಳೆಯುವುದು ಸಮುದ್ರದಂಡೆಯಲ್ಲೇ ಶುರು

ಮನೆಗೆ ಹೋಗಿ ತೊಳೆಯೋಣ ಎನ್ನುವುದೇ ನನ್ನ ಮೊದಲ ರೀಲನ್ನು ಕೊಂದ ಮಾತು. ಸುಳ್ಯ ದಾಟುವ ಹೊತ್ತಿಗೆ ನೀರು ಒಣಗಿ ಉಪ್ಪು ಹರಳುಗಟ್ಟಿರುತ್ತದೆ. ಈಗ ನಾನು ಹೊರಡುವಾಗಲೇ 5 ಲೀಟರ್ ಕ್ಯಾನ್ ಸಿಹಿನೀರು, ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಕಾರಿಗೆ ಹಾಕಿಕೊಳ್ಳುತ್ತೇನೆ. ಬೋರ್‌ವೆಲ್ ನೀರು ಬೇಡ, ಮಂಡ್ಯದ ಕಡೆ ಅದು ಗಡಸು, ಒಣಗಿದರೆ ಬಿಳಿ ಕಲೆ. ನಲ್ಲಿಯ ಕಾವೇರಿ ನೀರು ಒಳ್ಳೆಯದು.

ಮೊದಲು ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಬಿಲ್ಲೆಗಳಿಗೆ ನೀರು ಹೋಗದಿರಲಿ ಎಂದು. ರೀಲ್ ಅಡಿ ಮೇಲಾಗದಂತೆ ಹಿಡಿದು ಮಂಜಿನಂತೆ ಚಿಮುಕಿಸಿ. ಲೈನ್ ರೋಲರ್‌ಗೆ ಎರಡು ಪಾಲು ಹೆಚ್ಚು. ಪೈಪ್ ಹಿಡಿದು ಜೋರಾಗಿ ಹೊಡೆಯಬೇಡಿ, ಉಪ್ಪನ್ನು ನೀವೇ ಒಳಗೆ ತಳ್ಳಿದಂತಾಗುತ್ತದೆ. ಬಕೆಟ್‌ನಲ್ಲಿ ಅದ್ದುವುದೂ ಬೇಡ. ಒರೆಸಿ, ಬಿಗಿ ಮಾಡಿದ ಡ್ರ್ಯಾಗನ್ನು ಮರೆಯದೆ ಸಡಿಲಿಸಿ. ಬಿಗಿಯಾಗಿಯೇ ಬಿಟ್ಟರೆ ಬಿಲ್ಲೆಗಳು ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಹತ್ತಿ ಚೀಲದಲ್ಲಿ, ಗಾಳಿಯಾಡುವ ಕಡೆ ಇಟ್ಟು ಊರಿಗೆ ಬನ್ನಿ. ಮನೆಯಲ್ಲಿ ಇನ್ನೊಂದು ಸಲ ಅದೇ ಕೆಲಸ. ನೆರಳಲ್ಲಿ ಒಂದು ರಾತ್ರಿ ಒಣಗಲಿ.

ಮರುದಿನ ಲೈನ್ ರೋಲರ್, ಹ್ಯಾಂಡಲ್ ಗುಬ್ಬಿ, ಬೇಲ್ ತಿರುಗುವ ಕೀಲು, ಮೂರಕ್ಕೂ ಒಂದೊಂದು ಹನಿ ಎಣ್ಣೆ. ರೀಲ್ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಬೇರಿಂಗ್ ಒಳಗೆ ಏನಾಗುತ್ತದೆ, ಯೋಚಿಸಿ. ಡಬ್ಲ್ಯುಡಿ-40 ಹೊಡೆಯುವವರೂ ಇದ್ದಾರೆ, ಅದು ಇರುವ ಗ್ರೀಸನ್ನೂ ತೊಳೆದು ಹಾಕುತ್ತದೆ. ಆ್ಯಂಟಿ ರಿವರ್ಸ್ ಬೇರಿಂಗ್‌ಗೆ ಗ್ರೀಸ್ ತುಂಬಬೇಡಿ, ಜಾರಲು ಶುರುವಾಗುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮುಂಗಾರಿನಲ್ಲಿ ಬಂಡೆಗಳ ಮೇಲೆ ನಿಲ್ಲುವುದು ನಮಗೂ ಅಪಾಯ. ಹಾಗಾಗಿ ಆ ಎರಡು ತಿಂಗಳನ್ನು ನಾನು ರೀಲ್ ಪೂರ್ತಿ ಬಿಚ್ಚುವುದಕ್ಕೆ ಇಟ್ಟುಕೊಂಡಿದ್ದೇನೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತೇನೆ. ಬಿಚ್ಚಿದ ಭಾಗಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ವರಸೆಯಾಗಿ ಇಡುತ್ತೇನೆ. ಮೊದಲ ಗುಳಿಗೆ ಮೊದಲು ಬಿಚ್ಚಿದ್ದು, ಕೊನೆಯ ಗುಳಿಯಿಂದ ಜೋಡಣೆ ಶುರು. ಹಳೆಯ ಗ್ರೀಸ್ ಒರೆಸಿ, ಗೇರ್ ಹಲ್ಲಿಗೆ ಹೊಸದು ತೆಳುವಾಗಿ ಸವರಿದರೆ ಮುಗಿಯಿತು. ಆ ಇಡ್ಲಿ ತಟ್ಟೆ ಈಗ ಅಡುಗೆಮನೆಗೆ ವಾಪಸ್ ಹೋಗುವ ಹಾಗಿಲ್ಲ, ಮನೆಯವರ ಆಜ್ಞೆ.